ಗೋಡೆಗೆ ಡಿಕ್ಕಿ ಹೊಡೆಯುವ ಆಟಗಾರ

ಕಚೇರಿಯಲ್ಲಿ ಅವನಿಗೆ ಸೆಟ್ಟಿಂಗ್ಸ್ ಪಂಡಿತ ಎಂದೇ ಹೆಸರು. ಯಾರ ಫೋನು ಮುನಿಸಿಕೊಳ್ಳಲಿ, ಯಾರ ಪ್ರಿಂಟರು ಹಟ ಹಿಡಿಯಲಿ, "ಮೊದ್ಲು ಸೆಟ್ಟಿಂಗ್ಸ್ ನೋಡಿ ಸ್ವಾಮಿ, ಆಮೇಲೆ ಕಂಪನಿಯವ್ರನ್ನ ಬೈಯಿರಿ" ಎನ್ನುತ್ತಿದ್ದ. ಮನೆಗೆ ಬಂದರೆ ಬ್ಲಾಗು. ಹೊಸ ಫೋನಿನ ಕ್ಯಾಮೆರಾ ದಂಡ, ಆ ಬ್ರೌಸರು ಕಳ್ಳ, ಈ ಮಂತ್ರಿಗೆ ಇಂಟರ್‌ನೆಟ್ಟಿನ ಗಂಧಗಾಳಿಯೂ ಇಲ್ಲ. ಅಭಿಪ್ರಾಯಕ್ಕೇನು ಬರವೇ! ಹೆಂಡತಿ ಮಾತ್ರ, "ಊರಿಗೆಲ್ಲ ಬುದ್ಧಿ ಹೇಳ್ತೀರಿ, ಒಡಹುಟ್ಟಿದ ಅಣ್ಣನ ಹತ್ರ ಒಂದು ಮಾತಾಡೋಕಾಗಲ್ಲ" ಎಂದು ಚುಚ್ಚುತ್ತಿದ್ದಳು. ಆಗ ಅವನು ಹೆಡ್‌ಫೋನ್ ಏರಿಸಿಕೊಳ್ಳುತ್ತಿದ್ದ.

ಅಣ್ಣನ ಜೊತೆ ಮಾತು ನಿಂತದ್ದು ಚುನಾವಣೆಯ ಫಲಿತಾಂಶ ಬಂದ ದಿನ. ಅಣ್ಣನ ಮನೆಯಲ್ಲೇ, ಅತ್ತಿಗೆ ಬಡಿಸಿದ ಊಟದ ಮುಂದೆಯೇ ಮಾತಿಗೆ ಮಾತು ಬೆಳೆಯಿತು. "ನಿನ್ನಂಥ ಕುರಿಗಳಿಂದ್ಲೇ ದೇಶ ಹಾಳಾಗಿದ್ದು" ಎಂದು ಇವನು ಅಂದುಬಿಟ್ಟ. ಅಪ್ಪ ಸತ್ತ ಮೇಲೆ ಓದಿಸಿದ, ಮೊದಲ ಕಂಪ್ಯೂಟರು ಕೊಡಿಸಿದ ಅಣ್ಣನಿಗೆ ಆ ಮಾತು! ಅಣ್ಣ ಅರ್ಧ ಊಟದಲ್ಲೇ ಎದ್ದು ಕೈ ತೊಳೆದುಕೊಂಡ. ಆಮೇಲೆ ಫೋನಿಲ್ಲ, ಹೋಗಿ ಬರುವುದಿಲ್ಲ.

ಉಳಿದದ್ದು ಆಟ ಒಂದೇ. ಪಾಳು ಕೋಟೆಯೊಳಗೆ ಜೋಡಿಯಾಗಿ ನಿಧಿ ಹುಡುಕುವ ಹಳೇ ಆನ್‌ಲೈನ್ ಆಟ. ಇವನು ಹೈಸ್ಕೂಲಿನಲ್ಲಿದ್ದಾಗಿನಿಂದ ಅಣ್ಣ ತಮ್ಮ ಕೂಡಿ ಆಡಿದ್ದು. ಜಗಳವಾದ ಮೇಲೂ ಪ್ರತಿ ಭಾನುವಾರ ಕೆಂಪು ಟೋಪಿಯ 'ದೊಡ್ಡೋನು' ಕೋಟೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಅವನೇ ಅಣ್ಣ. ಹಳದಿ ಅಂಗಿಯ 'ಚಿಕ್ಕೋನು' ಇವನು. ಆದರೆ ಮೂಲೆಯ ಚಾಟಿನಲ್ಲಿ ಅಣ್ಣನಿಂದ ಒಂದಕ್ಷರವೂ ಬರುತ್ತಿರಲಿಲ್ಲ. ಎಷ್ಟು ಬಿಗುಮಾನ ನೋಡು, ಅವನೇ ಮೊದಲು ಬರೆಯಲಿ ಎಂದು ಇವನೂ ಬರೆಯಲಿಲ್ಲ.

ಈಚೆಗೆ ದೊಡ್ಡೋನ ಆಟ ತೀರಾ ಕೆಟ್ಟಿತ್ತು. ಗೋಡೆಗೆ ಡಿಕ್ಕಿ ಹೊಡೆಯುವುದು, ಹಳ್ಳಕ್ಕೆ ಬೀಳುವುದು, ಇವನ ಬೆನ್ನಿಗೇ ಅಂಟಿಕೊಂಡು ನಡೆಯುವುದು. ಬೇಕೆಂದೇ ಸತಾಯಿಸುತ್ತಿದ್ದಾನೆ ಎಂದು ಇವನಿಗೆ ಮೈಯೆಲ್ಲ ಉರಿಯಿತು. ಬ್ಲಾಗಿನಲ್ಲಿ ಕಾರಿಕೊಂಡ: "ಕೆಲವರಿಗೆ ಎದುರಿನ ಗೋಡೆಯೇ ಕಾಣುವುದಿಲ್ಲ, ದೇಶದ ಭವಿಷ್ಯ ಕಂಡೀತೇ? ಇಂಥವರು ಆಟವನ್ನೂ ಬಿಡಲಿ, ಓಟನ್ನೂ ಬಿಡಲಿ." ಓದುಗರು ಭೇಷ್ ಎಂದರು.

ಅದಾದ ಸ್ವಲ್ಪ ದಿನಕ್ಕೇ ಕಂಪನಿಯ ಪ್ರಕಟಣೆ ಬಂತು. ಬರುವ ಭಾನುವಾರ ಸಂಜೆ ಆರಕ್ಕೆ ಆಟ ಶಾಶ್ವತವಾಗಿ ಬಂದ್. ಆಟ ಹೋದರೆ ಅಣ್ಣನೂ ಹೋದ ಹಾಗೆಯೇ. ಅಣ್ಣ ಒಂದೇ ಒಂದು ಮಾತು ಬರೆಯಲಿ, ಓಡಿಹೋಗಿ ಕಾಲು ಹಿಡಿದೇನು ಎಂದುಕೊಂಡ.

ಭಾನುವಾರ ದೊಡ್ಡೋನು ಬಂದ. ಮಾತಿಲ್ಲ. ಇವನು "ಅಣ್ಣಾ" ಎಂದು ಬರೆದ, ಅಳಿಸಿದ. ಮತ್ತೆ ಬರೆದ, ಮತ್ತೆ ಅಳಿಸಿದ. ಆರಾಗಲು ಇನ್ನು ಸ್ವಲ್ಪವೇ ಹೊತ್ತು. ಬ್ಲಾಗಿನಲ್ಲಿ ಆಟಕ್ಕೊಂದು ವಿದಾಯ ಬರೆಯಬೇಕಲ್ಲ, ಚಿತ್ರಗಳಾದರೂ ಇರಲಿ ಎಂದು ಒಂದೊಂದೇ ಪುಟ ತೆರೆದು ಸ್ಕ್ರೀನ್‌ಶಾಟ್ ತೆಗೆಯುತ್ತ ಹೋದ. ಸೆಟ್ಟಿಂಗ್ಸ್‌ನ ಕೊನೆಯ ಪುಟದಲ್ಲಿ 'ನೀವು ಮ್ಯೂಟ್ ಮಾಡಿದವರು' ಎಂದಿತ್ತು. ಕೆಳಗೆ ಒಂದೇ ಹೆಸರು: ದೊಡ್ಡೋನು.

ಜಗಳದ ದಿನ ಮನೆಗೆ ಬಂದು ಸಿಟ್ಟಿನಲ್ಲಿ, ಅಣ್ಣ ಬರೆದದ್ದು ಕಣ್ಣಿಗೇ ಬೀಳದಿರಲಿ ಎಂದು ತಾನೇ ಆ ಗುಂಡಿ ಒತ್ತಿದ್ದ. ಬೆಳಗ್ಗೆ ತೆಗೆದರಾಯಿತು ಎಂದು ಮರೆತೇಬಿಟ್ಟಿದ್ದ. ಅಯ್ಯೋ ಪಂಡಿತನೇ! ಮ್ಯೂಟ್ ತೆಗೆದ. ಹಳೆಯ ಮಾತು ಒಂದೂ ಬರಲಿಲ್ಲ. ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹೊಸದೊಂದು ಸಾಲು ಮಾತ್ರ ಮೂಡಿತು.

"ಇವತ್ತೂ ಮಾತಾಡಲ್ವೇನೋ? ಹೋಗ್ಲಿ ಬಿಡು. ಚೆನ್ನಾಗಿರು ಮರಿ."

"ಅಣ್ಣಾ, ನಾನು" ಎಂದು ಟೈಪ್ ಮಾಡುವಷ್ಟರಲ್ಲಿ ಪರದೆ ಕಪ್ಪಾಯಿತು.

ತಕ್ಷಣ ಅಣ್ಣನ ನಂಬರಿಗೆ ಫೋನು ಮಾಡಿದ. ಎತ್ತಿದ್ದು ಅತ್ತಿಗೆ.

"ಅತ್ತಿಗೆ, ಅಣ್ಣ ಬರೆದಿದ್ದು ಒಂದೂ ನಂಗೆ ಕಾಣ್ತಿರ್ಲಿಲ್ಲ. ನಾನೇ ಮ್ಯೂಟ್ ಮಾಡಿಟ್ಟಿದ್ದೆ. ದೇವರಾಣೆ ಗೊತ್ತಾಗ್ಲಿಲ್ಲ. ಏನೇನು ಬರೆದಿದ್ದ?"

ಅತ್ತಿಗೆ ದನಿ ತಗ್ಗಿಸಿ ಹೇಳಿದರು. "ಮೊದಮೊದ್ಲು ಅವ್ರೇ ಬರೀತಿದ್ರು. ಆಮೇಲೆ ಅವ್ರು ಹೇಳೋದು, ನಾನು ಬರೆಯೋದು. ಕಣ್ಣಿನ ನರ ಒಣಗ್ತಿದೆಯಂತೆ, ಡಾಕ್ಟ್ರು ಕೈ ಚೆಲ್ಲಿದ್ರು. ಈಗ ದಪ್ಪ ಬಣ್ಣ ಬಿಟ್ರೆ ಏನೂ ಕಾಣಲ್ಲ. 'ನೀನು ಮುಂದೆ ನಡಿ ಮರಿ, ನಿನ್ನ ಹಳದಿ ಅಂಗಿ ನೋಡ್ಕೊಂಡು ಬರ್ತೀನಿ ಅಂತ ಬರಿಯೇ' ಅಂತಿದ್ರು. ವಾರವಾರ ಬರ್ದಿದೀನಿ."

"ಒಂದು ನಿಮಿಷ ಅಣ್ಣಂಗೆ ಕೊಡಿ ಅತ್ತಿಗೆ."

"ನಿನ್ನ ಬ್ಲಾಗು ನಾನೇ ಓದಿ ಹೇಳೋದು. ತಮ್ಮ ಇವತ್ತು ಏನು ಬರ್ದ ಅಂತ ದಿನಾ ಕೇಳ್ತಾರೆ. ಆ ಗೋಡೆ ವಿಷ್ಯ ಬರ್ದಿದ್ಯಲ್ಲ, ಅವತ್ತು ಏನೂ ಬರ್ದಿಲ್ಲ ಅಂತ ಸುಳ್ಳು ಹೇಳ್ದೆ. ಕಣ್ಣಂತೂ ಹೋಯ್ತು. ಕಿವಿಗಾದ್ರೂ ಕೆಟ್ಟದ್ದು ಬೀಳದ ಹಾಗೆ ನೋಡ್ಕೋಬೇಕಲ್ಲ ನಾನು."

"ಯಾರೇ ಅದು ಫೋನಲ್ಲಿ? ಅವನೇನಾ?" ಒಳಗಿನಿಂದ ಅಣ್ಣನ ದನಿ ಕೇಳಿತು. ಅದರಲ್ಲಿ ಎಂಥ ಆಸೆಯಿತ್ತು!

"ಅಣ್ಣಾ!" ಎಂದು ಇವನು ಕೂಗಿದ.

"ಯಾರೂ ಅಲ್ಲ ಬಿಡಿ, ರಾಂಗ್ ನಂಬರು" ಎಂದರು ಅತ್ತಿಗೆ.

ಇವನು ಮತ್ತೆ ಮಾಡಿದ. ಮತ್ತೆ ಮತ್ತೆ ಮಾಡಿದ. ಕರೆ ಆ ಕಡೆ ತಲುಪಲೇ ಇಲ್ಲ. ನಂಬರು ಬ್ಲಾಕ್ ಆಗಿದೆಯೆಂದು ಪಂಡಿತನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.