ಫುರೈರಾ ಬಟ್ಟಲು ಮಾರಿದ್ದು

ಬಟ್ಟಲು ಹೇರಿಕೊಂಡ ತಳ್ಳುಗಾಡಿ ಓಣಿಯ ತಿರುವು ದಾಟುವಷ್ಟರಲ್ಲಿ ಫುರೈರಾಳಿಗೆ ತಲಾಕ್ ಆಯಿತೆಂಬ ಸುದ್ದಿ ಅರ್ಧ ಕಾನೋ ಪಟ್ಟಣಕ್ಕೆ ಮುಟ್ಟಿತ್ತು. ಮುಟ್ಟದೆ ಏನು? ಮದುವೆಯಲ್ಲಿ ತಾಯಿ ಕೊಟ್ಟ ಹಿತ್ತಾಳೆ ಬಟ್ಟಲುಗಳು ಹೆಂಡತಿಯ ಕೋಣೆಯ ಗೋಡೆಗೆ ಸಾಲಾಗಿ ನಿಂತಿರುತ್ತವೆ. ಅವು ಹೊರಗೆ ಬಂದವೆಂದರೆ ಹಿಂದೆಯೇ ಅವಳೂ ಬರುತ್ತಾಳೆಂದೇ ನಮ್ಮಲ್ಲಿ ಅರ್ಥ. ಒಬ್ಬಳು ಬಟ್ಟಲು ಮಾರಿ, ತಾನು ಬರೆದ ಕಾದಂಬರಿಯನ್ನು ತಾನೇ ಅಚ್ಚು ಹಾಕಿಸುತ್ತಾಳೆಂದು ಯಾರ ತಲೆಗಾದರೂ ಹೊಳೆಯುವ ಮಾತೇ?

ಮೊದಲು ಓಡಿ ಬಂದವಳು ತಾಯಿ ತಾಬಾವಾ. ಮಗಳ ಬಟ್ಟೆಬರೆ ತುಂಬಿಕೊಂಡು ಹೋಗಲು ಎರಡು ಖಾಲಿ ಚೀಲಗಳನ್ನೂ ತಂದಿದ್ದಳು. ನಿಜ ಸಂಗತಿ ಕೇಳಿದ ಮೇಲೆ ಆ ಚೀಲಗಳ ಮೇಲೇ ಕುಸಿದು ಕೂತಳು. ಒಂದೊಂದು ಬಟ್ಟಲಿಗೂ ಅವಳು ಎಷ್ಟು ವರ್ಷ ನೆಲಗಡಲೆ ಎಣ್ಣೆ ತೆಗೆದು ಮಾರಿದ್ದಳೋ, ಅವಳಿಗೇ ಗೊತ್ತು. ಬಾಯಿಗೆ ಬಂದಂತೆ ಬೈದಳು. ಬೈಯದೆ ಇರಲು ಅವಳೇನು ಕಲ್ಲೇ?

ಅಷ್ಟರಲ್ಲಿ ಗಂಡ ಶುಐಬು ಬಂದ. ಟೋಪಿಗೆ ಕಸೂತಿ ಹಾಕುವ ಮನುಷ್ಯ, ಮೆತ್ತನೆಯವನು. ಹೆಂಡತಿ ಒಂಬತ್ತು ವರ್ಷ ನೋಟ್‌ಬುಕ್ಕುಗಳಲ್ಲಿ ಗೀಚಿದಾಗ ತುಟಿ ಪಿಟಕ್ಕೆಂದಿರಲಿಲ್ಲ. ಆದರೆ ಇವತ್ತು ಅಂಗಡಿಯಲ್ಲಿ ಮೂವರು ಬಂದು ಸಮಾಧಾನ ಹೇಳಿದ್ದರು. ನಾಲ್ಕನೆಯವನು ತನ್ನ ತಂಗಿಯ ಮಗಳಿಗೆ ಸಂಬಂಧವನ್ನೇ ಕೇಳಿದ್ದ.

"ಬರೆದಿದ್ದಕ್ಕೆ ನಾನು ಬೇಡ ಅನ್ನಲಿಲ್ಲ," ಎಂದ. "ನನ್ನ ಹೆಂಡ್ತಿ ಹೆಸರು ಮಾರ್ಕೆಟ್ಟಿನಲ್ಲಿ ಕಂಡೋರ ಕೈಗೆ ಬೀಳೋದು ಬೇಡ. ಪ್ರೆಸ್ಸಿಗೆ ಫೋನ್ ಮಾಡು, ಹೆಸರು ತೆಗೆಸು. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬರ್ತೀನಿ. ಅಷ್ಟರಲ್ಲಿ ಆಗಲಿಲ್ಲವೋ, ಜನ ಏನು ಆಡ್ಕೊಳ್ತಿದಾರೋ ಅದನ್ನೇ ನಿಜ ಮಾಡಿಬಿಡ್ತೀನಿ."

ಅವನು ಹೊರಟುಹೋದ. ತಾಬಾವಾಳ ಸಿಟ್ಟು ಜರ್ರನೆ ಇಳಿದು ಹೆದರಿಕೆ ಹತ್ತಿತು.

"ತೆಗೆಸಿಬಿಡೇ ಮಗಳೇ. ಹೆಸರು ಹೋದ್ರೆ ಕಥೆ ಏನೂ ಹೋಗಲ್ಲವಲ್ಲ."

"ಹೆಸರಿಲ್ಲದೆ ಬರೋದಾದ್ರೆ ನಿನ್ನ ಬಟ್ಟಲು ಯಾಕೆ ಮಾರ್ತಿದ್ದೆ, ಅವ್ವಾ?" ಎನ್ನುತ್ತ ಫುರೈರಾ ಫೋನನ್ನು ಆರಿಸಿ ಹಾಸಿಗೆಯ ಕೆಳಗೆ ತಳ್ಳಿದಳು. ಇಬ್ಬರು ಮಕ್ಕಳನ್ನು ಬಿಟ್ಟು ಹೋಗಬೇಕಾದೀತು ಎಂಬುದು ಅವಳಿಗೆ ಗೊತ್ತಿರಲಿಲ್ಲವೇ?

ಆಗಲೇ ಓಣಿಯ ಹೆಂಗಸರು ಮುಸುಕೆಳೆದುಕೊಂಡು ಒಬ್ಬೊಬ್ಬರಾಗಿ ಒಳಗೆ ಬಂದರು. ಅಂಗಳದಲ್ಲಿ ಚಾಪೆ ಹಾಸಿ ಕೂತು, ಎಲ್ಲಾ ದೇವರಿಚ್ಛೆ ಎಂದು ನಿಟ್ಟುಸಿರು ಬಿಡತೊಡಗಿದರು. ತಲಾಕ್ ಆಗಿಲ್ಲವೆಂದು ಫುರೈರಾ ಎರಡು ಸಲ ಹೇಳಿದಳು. ಪಾಪ, ಮರ್ಯಾದೆಗೆ ಹಾಗನ್ನುತ್ತಾಳೆ ಎಂದು ಅವರು ಇನ್ನಷ್ಟು ಮರುಗಿದರು. ಅವಳಿಗೆ ರೇಗಿಹೋಯಿತು. ಒಳಗೆ ಹೋಗಿ, ತಿದ್ದಲೆಂದು ಪ್ರೆಸ್ಸಿನವರು ಕಳಿಸಿದ್ದ ಹಾಳೆಗಳ ಕಟ್ಟು ತಂದು, ಗೋಡೆಗೆ ಒರಗಿ ಗಟ್ಟಿಯಾಗಿ ಓದಲು ಶುರುಮಾಡಿದಳು.

ಅಪ್ಪ ತನ್ನ ಮುದುಕ ಗೆಳೆಯನಿಗೇ ಕೊಟ್ಟ ಹುಡುಗಿ, ಮದುವೆಯ ದಿನ ಕೈಯ ಮದರಂಗಿ ಒಣಗುವ ಮೊದಲೇ ಈರುಳ್ಳಿ ಲಾರಿ ಹತ್ತುವ ಕಥೆ. ಮೊದಲ ಪುಟಕ್ಕೆ ನಿಟ್ಟುಸಿರು ನಿಂತವು. ಮೂರನೆಯದಕ್ಕೆ ಒಬ್ಬಳು ಮಗುವಿಗೆ ಮೊಲೆ ಕೊಟ್ಟು ಸುಮ್ಮನಾಗಿಸಿದಳು. ಲಾರಿಯನ್ನು ಪೊಲೀಸರು ತಡೆದಾಗ, ತನ್ನ ಗಂಡನ ಎದುರು ಎಂದೂ ಬಾಯಿಬಿಡದ ಪಕ್ಕದ ಮನೆಯ ಸಾಂದೆ ಆ ಹುಡುಗಿಯ ಅಪ್ಪನಿಗೆ ಶಾಪ ಹಾಕಿದಳು.

ಹೊರಬಾಗಿಲ ಪಡಸಾಲೆಯಿಂದ ಶುಐಬುವಿನ ಸಲಾಂ ಕೇಳಿಸಿತು. ಒಳಗೆ ಪರಸ್ತ್ರೀಯರಿದ್ದಾಗ ಗಂಡಸು ಮೂರು ಸಲ ಸಲಾಂ ಹೇಳಬೇಕು. ಮೂರನೆಯದರ ಹೊತ್ತಿಗೆ ಹೆಂಗಸರು ಎದ್ದು ದಾರಿ ಬಿಡಬೇಕು. ಯಾರೂ ಏಳಲಿಲ್ಲ. ಅವನು ಎರಡನೆಯ ಸಲ ಸಲಾಂ ಹೇಳಿದ.

"ಇದನ್ನ ಬರೆದ ಪುಣ್ಯಾತ್ಮ ಯಾರೇ?" ಎಂದು ಸಾಂದೆ ಕೇಳಿದಳು.

ಫುರೈರಾ ಪಡಸಾಲೆಯ ಕಡೆ ತಿರುಗಿದಳು. ದನಿಯನ್ನು ಅಲ್ಲಿಗೆ ಮುಟ್ಟುವಷ್ಟು ಏರಿಸಿದಳು.

"ನಾನು. ಫುರೈರಾ, ತಾಬಾವಾಳ ಮಗಳು. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಹಾಕಿಸ್ತಿದೀನಿ."

ತಾಬಾವಾ ಮಗಳ ಪಕ್ಕಕ್ಕೆ ಸರಿದು, ಕಾಲು ಚಾಚಿ ಕೂತಳು.

"ಓದು," ಎಂದಳು.

ಫುರೈರಾ ಹಾಳೆ ಮಗುಚಿದಳು. ಪಡಸಾಲೆಯಲ್ಲಿ ಅವನು ಚಪ್ಪಲಿ ಬಿಟ್ಟು ಗೋಡೆಗೊರಗಿ ಕೂತ ಸದ್ದಾಯಿತು; ಮೂರನೆಯ ಸಲಾಂ ಬರಲಿಲ್ಲ.