ಫಿಯೆಟ್ಟೇ ಮೇಲು

ಪ್ರತಿ ಆಯುಧಪೂಜೆಗೆ ಶಿರ್ವದ ಜೋಕಿಮ್ ತನ್ನ ಹಳೆಯ ಫಿಯೆಟ್ಟನ್ನು ಬಜಗೋಳಿಯ ಗುಣಪಾಲನ ಅಂಗಳಕ್ಕೆ ಒಯ್ಯುವುದು ವಾಡಿಕೆ. ಕನ್ನಡಿಯಲ್ಲಿ ಜಪಸರ ತೂಗುವ ಫಿಯೆಟ್ಟಿಗೂ ಗುಣಪಾಲನ ಅಂಬಾಸಿಡರಿಗೂ ಒಂದೇ ತಟ್ಟೆಯ ಕುಂಕುಮ. ಆದರೆ ಪೂಜೆಗೆ ಮೊದಲು ಜಗಳ ಆಗಲೇಬೇಕು. ಯಾವ ಗಾಡಿ ಮೇಲೋ ಅದರ ಚಕ್ರದಡಿಗೆ ಮೊದಲ ನಿಂಬೆಹಣ್ಣು. ತೀರ್ಮಾನ ಎಂದೂ ಆದದ್ದಿಲ್ಲ. ಕೊನೆಗೆ ಗುಣಪಾಲನ ಹೆಂಡತಿ ಪುಷ್ಪಾವತಿ ಬಂದು, "ದೋಸೆ ತಣಿಯುತ್ತದೆ" ಎಂದು ಗದರಿ, ಎರಡಕ್ಕೂ ಒಟ್ಟಿಗೇ ಇಡಿಸುತ್ತಿದ್ದಳು.

ಹೆಂಡತಿ ಎಸ್ತರ್ ದೇವರ ಪಾದ ಸೇರಿದ ಮೇಲೆ ಜೋಕಿಮನ ಮಾತಿಗೆ ಎದುರಾಡಲು ಉಳಿದವನು ಗುಣಪಾಲ ಒಬ್ಬನೇ. ಶಿರ್ವದಲ್ಲಿ ಎಲ್ಲರೂ ಇವನು ಹಿರಿಯನೆಂದು ತಲೆಯಾಡಿಸಿ ಮುಂದೆ ಹೋಗುವವರು. ಹಾಗಾಗಿ ಈ ಸಲ ಕಾರ್ಕಳದ ಹಾದಿಯುದ್ದಕ್ಕೂ ಅವನು ವಾದಗಳನ್ನು ಬಾಯೊಳಗೇ ಹೊಂದಿಸುತ್ತ ಬಂದ. ಅತ್ತೂರು ಇಗರ್ಜಿಯ ಕಡೆ ತಿರುಗಿ ಶಿಲುಬೆಯ ಗುರುತು ಮಾಡಿ, "ಸ್ವಾಮೀ, ಅವನ ನಾಲಗೆ ಚುರುಕಾಗಿಯೇ ಇರಲಿ" ಎಂದು ಬೇಡಿದ. ಗುಣಪಾಲ ಹೃದಯದ ಆಪರೇಷನ್ ಮುಗಿಸಿ ಮಣಿಪಾಲದಿಂದ ಬಂದು ಹೆಚ್ಚು ಕಾಲವಾಗಿರಲಿಲ್ಲ.

ಗೆಳೆಯ ಜಗಲಿಯಲ್ಲಿ ಕುಳಿತಿದ್ದ. ಜೋಕಿಮ್ ಕಾರಿನಿಂದ ಇಳಿಯುತ್ತಲೇ ಕೂಗಿದ: "ಎಂತ ಮಾರಾಯ, ನಿನ್ನ ಅಂಬಾಸಿಡರ್ ಎಮ್ಮೆ ಇನ್ನೂ ಉಸಿರಾಡುತ್ತಾ ಉಂಟಾ?"

"ಬನ್ನಿ ಪೊರ್ಬುಗಳೇ," ಎಂದು ಕ್ರೈಸ್ತರಿಗೆ ತುಳುವಿನಲ್ಲಿ ಅನ್ನುವ ಹೆಸರಿನಿಂದಲೇ ಕರೆದು ಗುಣಪಾಲ ನಕ್ಕ.

"ನನ್ನದು ಸಾವಿರದ ಎಂಬತ್ತೊಂಬತ್ತು ಸಿಸಿ. ನಿನ್ನದಕ್ಕೆ ನಾನೂರು ಹೆಚ್ಚು. ಆದರೂ ಓಟದಲ್ಲಿ ನನ್ನ ಹಿಂದೆಯೇ ಅಲ್ವಾ? ಹಗುರ ಮೈ, ಪೆಟ್ರೋಲೂ ಕಮ್ಮಿ ಕುಡಿಯುತ್ತದೆ. ಈಗ ಹೇಳು!"

"ಹೌದು. ಫಿಯೆಟ್ಟೇ ಮೇಲು. ಮೊದಲ ಹಣ್ಣು ಅದಕ್ಕೇ ಇಡು."

ಜೋಕಿಮನಿಗೆ ಕತ್ತಲಲ್ಲಿ ಮೆಟ್ಟಿಲು ತಪ್ಪಿದ ಹಾಗಾಯಿತು. ಪುಷ್ಪಾವತಿ ನಿಂಬೆಹಣ್ಣಿನ ತಟ್ಟೆ ತಂದು ಮೆಲ್ಲಗೆ ಅಂದಳು: "ಇವರಿಗೆ ಈಗ ಯಾವುದಕ್ಕೂ ಜಗಳವಿಲ್ಲ ಜೋಕಿಮಣ್ಣ. ನಿನ್ನೆ ಗಂಜಿಗೆ ಉಪ್ಪು ಹಾಕಲು ಮರೆತಿದ್ದೆ. ಒಳ್ಳೆಯದುಂಟು ಅಂತ ಕುಡಿದು ಎದ್ದರು."

ಜೋಕಿಮ್ ಹಣ್ಣನ್ನು ಮುಟ್ಟಲಿಲ್ಲ. ಇಷ್ಟು ವರ್ಷ ಪ್ರಾಣ ಹೋದರೂ ಒಪ್ಪದಿದ್ದ ಗುಣಪಾಲನ ವಾದಗಳನ್ನೆಲ್ಲ ತಾನೇ ಎತ್ತಿಕೊಂಡ.

"ಸುಳ್ಳು ಹೇಳಬೇಡ. ಏಳು ಜನರನ್ನೂ ಅಕ್ಕಿ ಮೂಟೆಯನ್ನೂ ಹೊತ್ತು ಮಾಳದ ಏರು ಹತ್ತಿದ್ದು ಯಾವುದು? ನನ್ನದು ನೀರು ಕುದಿಸಿಕೊಂಡು ಅರ್ಧದಲ್ಲೇ ನಿಂತಿತು. ಹಗ್ಗ ಕಟ್ಟಿ ಎಳೆದವನು ನೀನೇ. ನಿನ್ನ ಹಿಂದಿನ ಸೀಟು ಮಂಚದ ಹಾಗುಂಟು, ಹೊಂಡಕ್ಕೆ ಇಳಿದದ್ದೂ ತಿಳಿಯುವುದಿಲ್ಲ. ನಾನೂರು ಸಿಸಿ ಅಂದರೆ ತಮಾಷೆಯಾ? ಅಂಬಾಸಿಡರೇ ಮೇಲು ಮಾರಾಯ. ಬಯ್ಯಿ ನನ್ನನ್ನು!"

ಗುಣಪಾಲ ಎರಡೂ ಕಾರುಗಳನ್ನು ಸಮಾಧಾನದಿಂದ ನೋಡಿದ.

"ಅದೂ ಹೌದು," ಅಂದ.

ಜೋಕಿಮ್ ಹೋಗಿ ಅವನ ಪಕ್ಕದಲ್ಲಿ ಕುಳಿತ. ಗುಣಪಾಲ ಅವನ ಕೈಯ ಮೇಲೆ ಕೈಯಿಟ್ಟ. ಜಗಳದ ಕಾಲದಲ್ಲಿ ಒಮ್ಮೆಯೂ ಹಾಗೆ ಮಾಡಿದವನಲ್ಲ. ಆ ಕೈ ಮೆತ್ತಗಿತ್ತು, ಗೇರು ಹಾಕಿದ ಕೈಯಂತೆಯೇ ಇರಲಿಲ್ಲ.