ಸೂರಿನ ಕೆಳಗಿನ ಜಾಗ

ನಮ್ಮ ನೋಲಾ ಪಟ್ಟಣದ ದೊಡ್ಡ ಬೀದಿಗೆ ಗವಿಯಸ್ ಉದ್ದಕ್ಕೂ ಮಾಡು ಹೊದಿಸಿದ ಕಂಬಸಾಲು ಕಟ್ಟಿಸಲು ಹೊರಟಾಗ ಎಲ್ಲರೂ ಹೊಗಳಿದರು. ಚುನಾವಣೆ ಹತ್ತಿರವಿತ್ತು, ಅವನು ಶ್ರೀಮಂತ, ಹೊಗಳದೆ ಏನು ಮಾಡುತ್ತಾರೆ? ಕಂಬಗಳು ನೇರವಾಗಿ ಬರಲೆಂದು ಅಂಗಡಿಯವರೆಲ್ಲ ಬೀದಿ ಕಡೆಯ ಸೂರು ಕತ್ತರಿಸಿಕೊಂಡರು. ನನ್ನ ರೊಟ್ಟಿ ಅಂಗಡಿಯದು ಮಾತ್ರ ಉಳಿಯಿತು.

ಕಂಬಗಳಿಗೆ ಗುಂಡಿ ಅಗೆಯುವವರು ಬಂದ ಬೆಳಿಗ್ಗೆ ನಾನು ಸೂರಿನ ಕೆಳಗೆ ಕೂತಿದ್ದೆ. ಗವಿಯಸ್ ತಾನೇ ಬಂದ. ಓಟು ಕೇಳುವವರು ಹೊದೆಯುವ ಹಾಗೆ ಸುಣ್ಣ ತಿಕ್ಕಿದ ಬಿಳಿ ವಸ್ತ್ರ ಹೊದ್ದಿದ್ದ.

“ಟ್ರೆಬಿಯಾ, ಏಳಮ್ಮ. ಎರಡು ಮೊಳ ಸೂರಿಗೆ ಇಷ್ಟು ರಂಪಾನಾ?”

“ಸೂರೂ ಬಿಡಲ್ಲ, ನೆಲಾನೂ ಬಿಡಲ್ಲ. ಇಲ್ಲಿ ನನ್ನ ಮಗಳಿದಾಳೆ.”

ಅಗೆಯುವವರ ಕೈ ನಿಂತಿತು. ಹಲ್ಲು ಬರುವ ಮೊದಲೇ ಸತ್ತ ಕೂಸನ್ನು ನಾವು ಸುಡುವುದಿಲ್ಲ, ಮನೆಯ ಸೂರಿನ ಕೆಳಗೇ ಹೂಳುತ್ತೇವೆ. ಉಳಿದವರಿಗೆ ಹಿತ್ತಲಿದೆ, ಅವರ ಕೂಸುಗಳು ಅಲ್ಲಿವೆ. ನನಗೆ ಇರುವುದು ಬೀದಿ ಕಡೆಯ ಸೂರೊಂದೇ.

“ಊರಾಚೆ ದಾರೀಲಿ, ನಮ್ಮ ಮನೆತನದ ಸಮಾಧಿ ಪಕ್ಕದಲ್ಲೇ ಜಾಗ ಕೊಡ್ತೀನಿ,” ಎಂದ ಗವಿಯಸ್. “ಕಲ್ಲು ನಿಲ್ಸಿ ಹೆಸರು ಕೆತ್ತಿಸ್ತೀನಿ.”

“ಹೆಸರಿಡೋ ದಿನಾನೇ ಅವಳಿಗೆ ಬರಲಿಲ್ಲ ಸ್ವಾಮಿ. ಏನಂತ ಕೆತ್ತಿಸ್ತೀರಿ? ನಿಮ್ಮ ಹೆಸರಾ?”

ಯಾರೋ ಕಿಸಕ್ಕನೆ ನಕ್ಕರು. ನನ್ನ ಗಂಡ ಸ್ಟೇಷಿಯಸ್ ಹಿಟ್ಟಿನ ಕೈಯಲ್ಲೇ ನನ್ನ ತೋಳು ಹಿಡಿದೆಳೆದ.

“ಒಪ್ಕೊಳ್ಳೇ. ಇಂಥೋರನ್ನ ಎದುರು ಹಾಕ್ಕೊಂಡು ಬದುಕೋಕಾಗುತ್ತಾ?”

“ಗಾಡಿ ಓಡಾಡೋ ದಾರೀಲಿ, ಗುರುತಿಲ್ಲದ ಮುದುಕರ ಮಧ್ಯೆ ಅಷ್ಟು ಸಣ್ಣೋಳು ಒಬ್ಳೇ ಇರ್ಬೇಕಾ? ಬೇಕಾದ್ರೆ ನೀನು ಹೋಗಿ ಮಲ್ಕೋ.”

ಗವಿಯಸ್‌ಗೆ ಸಿಟ್ಟು ನೆತ್ತಿಗೇರಿತು. “ಏನ್ ನೋಡ್ತೀರೋ, ಅಗೀರಿ!”

ಮೇಸ್ತ್ರಿ ಹಿಲಾರಸ್ ಗುದ್ದಲಿ ಕೆಳಗಿಟ್ಟ. “ನಮ್ಮನೇಲೂ ಸೂರಿದೆ ಸ್ವಾಮಿ. ನನ್ ಕೈಲಾಗಲ್ಲ.” ಉಳಿದವರೂ ಇಟ್ಟರು.

ನಾನು ಎದ್ದೆ. ಆ ಗುದ್ದಲಿಯನ್ನೇ ಎತ್ತಿ ಗವಿಯಸ್‌ನ ಮುಂದೆ ಹಿಡಿದೆ.

“ತಗೊಳ್ಳಿ. ಓಟು ಕೇಳೋ ಕೈಯಲ್ಲೇ ಅಗೀರಿ. ಬೀದಿ ನೋಡ್ಲಿ.”

ಬೀದಿ ನೋಡುತ್ತಲೇ ಇತ್ತು. ಉಣ್ಣೆ ಒಗೆಯುವವರು, ಮೀನು ಮಾರುವವಳು, ಎದುರು ಮಹಡಿಯ ಕಿಟಕಿಗಳಲ್ಲಿ ತಲೆಗಳು. ಅವನ ಕೈ ಹೊದಿಕೆಯಿಂದ ಹೊರಗೆ ಬರಲೇ ಇಲ್ಲ. ಗುದ್ದಲಿ ಭಾರವಾಗಿತ್ತು. ಇಳಿಸಲಿಲ್ಲ. ಕೊನೆಗೆ ಅವನೇ ತಿರುಗಿ ನಡೆದ.

ಗವಿಯಸ್ ಗೆದ್ದ, ಕಂಬಸಾಲೂ ಎದ್ದಿತು. ಅದು ನನ್ನ ಬಾಗಿಲಿಗೆ ಬಂದು ನಿಂತು, ಅಂಗಡಿ ದಾಟಿದ ಮೇಲೆ ಮತ್ತೆ ಶುರುವಾಗುತ್ತದೆ. ಮಳೆ ಬಂದರೆ ನನ್ನ ಎರಡು ಮೊಳ ಸೂರು ಸಾಲದೆ ಜನ ಆ ಸಂದಿನಲ್ಲಿ ನೆನೆದು ನನ್ನನ್ನು ಬೈಯುತ್ತಾರೆ. ಬೈಯಲಿ. ಅವರು ಮನೆಗೆ ಹೋಗಿ ಮೈ ಒರೆಸಿಕೊಳ್ಳಬಹುದು. ನಾನು ಮಾತ್ರ ಜಾಗ ಬಿಡುವುದಿಲ್ಲ.